ಉಬ್ಬಿದ ಲ್ಯಾಮಿನೇಟ್ ನೆಲ: ಹಲಗೆಗಿಂತ ಮೊದಲು ಅಡಿಯ ನೆಲ ಒಣಗಬೇಕು

ಲ್ಯಾಮಿನೇಟ್ ಹಲಗೆಯ ಹೊಟ್ಟೆಯೊಳಗಿರುವುದು ಮರದ ನಾರನ್ನು ಒತ್ತಿ ಮಾಡಿದ ಎಚ್‌ಡಿಎಫ್. ಮೇಲಿನ ಪದರ ನೀರು ತಡೆಯುತ್ತದೆ, ಆದರೆ ಸಂದಿಯಲ್ಲಿ ಇಳಿದ ನೀರನ್ನು ಈ ನಾರು ಹೀರಿ ಊದಿಕೊಳ್ಳುತ್ತದೆ. ಒಣಗಿದ ಮೇಲೂ ಪೂರ್ತಿ ಇಳಿಯುವುದಿಲ್ಲ. ಭಾರ ಹೇರಿ ಪ್ರಯೋಜನವಿಲ್ಲ. ಉಜ್ಜಿ ಮಟ್ಟ ಮಾಡಲು ಹೋದರೆ ಮರದ ಚಿತ್ರವಿರುವ ಪದರವೇ ಕಿತ್ತುಬರುತ್ತದೆ. ಊದಿದ ಹಲಗೆಯನ್ನು ಬದಲಿಸಲೇಬೇಕು.

ಶಿವಮೊಗ್ಗದ ನಮ್ಮ ಮನೆಯಲ್ಲಿ ನಾನು ಮೊದಲು ಹುಡುಕಿದ್ದು ನೀರು ಬಂದ ದಾರಿ. ಬೆರಳಾಡಿಸಿದಾಗ ಸಂದಿಯ ಅಂಚಷ್ಟೇ ಏಣಾಗಿ ಸಿಕ್ಕರೆ ನೀರು ಮೇಲಿನಿಂದ ಬಿದ್ದಿದೆ: ಒದ್ದೆ ಮಾಪು, ಫ್ರಿಜ್ಜಿನ ಟ್ರೇ, ಕಿಟಕಿಯ ಇರಚಲು. ಕೋಣೆಯ ನಡುವೆ ನೆಲ ಉಬ್ಬಿ ಎದ್ದು, ಕಾಲಿಟ್ಟರೆ ಕುಸಿದರೆ, ಹಿಗ್ಗಲು ಗೋಡೆ ಬದಿಯಲ್ಲಿ ಜಾಗ ಸಾಲದಾಗಿದೆ. ಹಲಗೆಯ ಅಡಿಮೈ ಕಪ್ಪಾಗಿ ಬೂಷ್ಟು ನಾರುತ್ತಿದ್ದರೆ ಥಂಡಿ ಕೆಳಗಿನಿಂದ ಏರಿದೆ. ಮಲೆನಾಡಿನ ನೆಲ ಅಂತಸ್ತಿನಲ್ಲಿ ಮೊದಲ ಅನುಮಾನ ಇದರ ಮೇಲಿರಲಿ.

ಬಿಚ್ಚುವುದು ಸುಲಭ. ಗೋಡೆಯ ಬುಡದ ಪಟ್ಟಿಯ, ಅಂದರೆ ಸ್ಕರ್ಟಿಂಗ್‌ನ, ಮೇಲಂಚಿನ ಸಿಲಿಕೋನನ್ನು ಬ್ಲೇಡಿನಿಂದ ಸೀಳಿ, ಚಪ್ಪಟೆ ಉಳಿಯಿಂದ ಮೀಟಿ ತೆಗೆಯಿರಿ. ಹತ್ತಿರದ ಗೋಡೆಯಿಂದ ಶುರುಮಾಡಿ ಒಂದೊಂದೇ ಸಾಲನ್ನು ಓರೆಯಾಗಿ ಎತ್ತಿ ಕಳಚಿ; ಪ್ರತಿ ಹಲಗೆಗೂ ಮಾಸ್ಕಿಂಗ್ ಟೇಪ್ ಅಂಟಿಸಿ ನಂಬರ್ ಬರೆಯಿರಿ. ಜಗ್ಗಿದರೆ ಹಲಗೆಗಳನ್ನು ಒಂದಕ್ಕೊಂದು ಕೂಡಿಸುವ ಲಾಕಿನ ನಾಲಿಗೆ ಮುರಿಯುತ್ತದೆ, ಆಮೇಲೆ ಆ ಹಲಗೆ ಎಂದೂ ಬಿಗಿಯಾಗಿ ಕೂರದು.

ಅವಸರ ಕೆಲಸ ಕೆಡಿಸುವುದು ಒಣಗಿಸುವಾಗ. ಹಲಗೆಯಡಿ ಹಾಸಿದ್ದ ಒದ್ದೆ ಫೋಮ್ ಎಸೆದುಬಿಡಿ. ಆಷಾಢ, ಶ್ರಾವಣದಲ್ಲಿ ಹೊರಗಿನ ಗಾಳಿಯೇ ಹಸಿ, ಕಿಟಕಿ ತೆರೆದಿಟ್ಟರೆ ನೆಲ ಆರುವುದಿಲ್ಲ. ಬಾಗಿಲು ಕಿಟಕಿ ಮುಚ್ಚಿ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್, ಫ್ಯಾನ್ ಓಡಿಸಬೇಕು. ಅದಿಲ್ಲದಿದ್ದರೆ ದೀಪಾವಳಿ ಕಳೆಯುವವರೆಗೆ ಬರಿ ನೆಲದಲ್ಲೇ ಇರುವುದು ಮೇಲು. ಆರಿದೆಯೇ ಎಂದು ನೋಡಲು ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಒತ್ತಿ 24 ಗಂಟೆ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದರೆ ಅಥವಾ ಸಿಮೆಂಟು ಕಪ್ಪಾದರೆ ನೆಲ ಇನ್ನೂ ಹಸಿ. ಹನಿ ಹಾಳೆಯ ಮೇಲಿದ್ದರೆ ಅದು ಕೋಣೆಯ ಗಾಳಿಯದು.

ಅಂಗಡಿಗೆ ಹಳೆ ಹಲಗೆಯ ತುಂಡು ಒಯ್ಯಿರಿ. ದಪ್ಪ ಅದೇ 8 ಮಿಮೀ ಆದರೂ ಕಂಪನಿ ಬೇರೆಯಾದರೆ ಲಾಕ್ ಕೂಡುವುದು ಅಪರೂಪ. ಲಾಕ್ ಕೂಡಿ ಬಣ್ಣವಷ್ಟೇ ಬೇರೆಯಾದರೆ, ಮಂಚದ ಅಡಿಯ ಒಳ್ಳೆ ಹಲಗೆಗಳನ್ನು ಕಣ್ಣಿಗೆ ಬೀಳುವ ಕಡೆ ಹಾಕಿ ಹೊಸತನ್ನು ಮಂಚದಡಿ ಸೇರಿಸಿ. ನನಗೆ ಇದಕ್ಕಿಂತ ಒಳ್ಳೆಯ ಉಪಾಯ ತೋಚಿಲ್ಲ. ಹೊಸ ಪೆಟ್ಟಿಗೆ 48 ಗಂಟೆ ಅದೇ ಕೋಣೆಯಲ್ಲಿ ಮಲಗಿರಲಿ.

ಮತ್ತೆ ಹಾಸುವಾಗ ಮೊದಲು 200 ಮೈಕ್ರಾನ್ ಪಾಲಿಥೀನ್ ಹಾಳೆ, ಜೋಡಣೆಯಲ್ಲಿ 20 ಸೆಂಮೀ ಒಂದರ ಮೇಲೊಂದು ಬರುವಂತೆ ಹಾಸಿ ಟೇಪ್ ಹಾಕಿ, ಅಂಚನ್ನು ಗೋಡೆಗೆ ಏರಿಸಿ. ಮೇಲೆ 2 ಮಿಮೀ ಫೋಮ್. ಗೋಡೆ ಸುತ್ತ 10 ಮಿಮೀ ಬಿಡಿ; ಬಾಗಿಲ ಚೌಕಟ್ಟಿನ ಬುಡದಲ್ಲೂ ಬಿಡಬೇಕು, ಬಹಳಷ್ಟು ಬಡಗಿಗಳು ಮರೆಯುವುದು ಅಲ್ಲೇ. ಅಕ್ಕಪಕ್ಕದ ಸಾಲುಗಳ ಜೋಡಣೆ 30 ಸೆಂಮೀ ಹಿಂದುಮುಂದಾಗಿರಲಿ. ಸ್ಕರ್ಟಿಂಗ್ ಮೊಳೆ ಗೋಡೆಗೆ ಮಾತ್ರ, ಹಲಗೆಗೆ ತಾಗಕೂಡದು. ಬಚ್ಚಲುಮನೆ ಬಾಗಿಲಲ್ಲಿ ಹಲಗೆಯ ಅಂಚು ಮುಚ್ಚುವ ಪ್ರೊಫೈಲ್ ಪಟ್ಟಿಯಡಿ ಸಿಲಿಕೋನ್ ತುಂಬಿ, ಒಂದು ದಿನ ಅಲ್ಲಿ ನೀರು ಬೀಳಗೊಡಬೇಡಿ.