ಗ್ಯಾರೇಜಿನ ವರ್ಕ್‌ಬೆಂಚ್ ಅಲುಗಾಡದಿರಲು

ನೆಟ್ಟಗೆ ನಿಂತು ಕೈ ಇಳಿಬಿಟ್ಟು ನೆಲದಿಂದ ಮಣಿಕಟ್ಟಿನ ಗೆರೆಯವರೆಗೆ ಅಳೆಯಿರಿ. ಬೆಂಚಿನ ಎತ್ತರ ಅದೇ. ಹೆಚ್ಚಿನವರಿಗೆ 85–90 ಸೆಂ.ಮೀ. ಬರುತ್ತದೆ. ಅಗಲ 60 ಸೆಂ.ಮೀ. ಸಾಕು. ಗೋಡೆಗೆ ಒತ್ತಿ ಇಟ್ಟ ಬೆಂಚು ಅದಕ್ಕಿಂತ ತುಂಬಾ ಅಗಲವಾದರೆ ಹಿಂಬದಿ ಬರೀ ಡಬ್ಬಿ ಪೇರಿಸುವ ಜಾಗ.

ಬೆಂಚು ಕೆಡುವುದು ಭಾರಕ್ಕಿಂತ ಹೆಚ್ಚಾಗಿ ಅಲುಗಾಟದಿಂದ. 90 ಮಿ.ಮೀ. ಚೌಕದ ಕಾಲುಗಳಲ್ಲಿ ಕಚ್ಚು ಕೊರೆದು ಅಡ್ಡಪಟ್ಟಿ ಕೂರಿಸಿ, ಆಗ ಭಾರವನ್ನು ಮರವೇ ಹೊರುತ್ತದೆ, ಬೋಲ್ಟ್‌ಗೆ ಹಿಡಿದಿಡುವ ಕೆಲಸ ಮಾತ್ರ. ಸ್ಕ್ರೂ ಬೇಡ, 10 ಮಿ.ಮೀ. ಬೋಲ್ಟ್ ಮತ್ತು ಅಗಲ ವಾಷರ್ ಹಾಕಿ. ಮರ ಒಣಗಿ ಕುಗ್ಗಿದಾಗ ಸ್ಪ್ಯಾನರ್‌ನಿಂದ ಮತ್ತೆ ಬಿಗಿಮಾಡಬಹುದು. ಹಿಂಬದಿಗೆ 12 ಮಿ.ಮೀ. ಪ್ಲೈವುಡ್ ಹೊಡೆದರೆ ಅಡ್ಡಡ್ಡ ವಾಲಾಟ ಅಲ್ಲಿಗೆ ನಿಂತಿತು.

ಮೇಲ್ಹಲಗೆಗೆ 18 ಮಿ.ಮೀ. ಪ್ಲೈವುಡ್ ಎರಡು ಪದರ, ಅಂಟು ಹಾಕಿ. ಅದರ ಮೇಲೆ 6 ಮಿ.ಮೀ. ಹಾರ್ಡ್‌ಬೋರ್ಡ್, ಇದಕ್ಕೆ ಅಂಟು ಬೇಡವೇ ಬೇಡ. ಇದಕ್ಕೆ ಮಾತ್ರ ಸ್ಕ್ರೂ ಹಾಕಿ ತಲೆ ಒಳಗಿಳಿಸಿ, ಸವೆದಾಗ ಬದಲಾಯಿಸಿ. ಮೇಲ್ಹಲಗೆ ಮುಂದೆ 7 ಸೆಂ.ಮೀ. ಚಾಚಿರಲಿ, ಇಲ್ಲದಿದ್ದರೆ ಕ್ಲ್ಯಾಂಪ್ ಕಚ್ಚುವುದಿಲ್ಲ. ವೈಸ್ (ಕೆಲಸದ ವಸ್ತುವನ್ನು ಬಿಗಿಹಿಡಿಯುವ ಹಿಡಿಕೆ) ಕಾಲಿನ ನೇರಕ್ಕೇ ಬರಲಿ. ನಡುವೆ ಕೂರಿಸಿದರೆ ಸುತ್ತಿಗೆಯ ಪ್ರತಿ ಏಟಿಗೂ ಹಲಗೆ ಕುಣಿಯುತ್ತದೆ.

ಗ್ಯಾರೇಜಿನ ನೆಲ ಸಾಮಾನ್ಯವಾಗಿ ಬಾಗಿಲ ಕಡೆ ಇಳಿಜಾರು. ಕಾಲಡಿಗೆ ತಿರುಗಿಸಿ ಎತ್ತರ ಸರಿಪಡಿಸುವ ಪಾದ ಹಾಕಿ, ಮಟ್ಟಗೋಲಿಟ್ಟು ನೋಡಿ.