ದಾರ ಹಿಡಿದು ಅಳೆಯಿರಿ ಸ್ಯಾನ್ ಫ್ರಾನ್ಸಿಸ್ಕೋ ದೂರ

ಚಳಿಗಾಲದ ಒಂದು ಮಧ್ಯಾಹ್ನ 2 ಗಂಟೆಗೆ ಮಗಳು ದೇವನಹಳ್ಳಿಯಲ್ಲಿ ವಿಮಾನ ಹತ್ತಿದಳು ಅಂದುಕೊಳ್ಳಿ. ಟಿಕೆಟ್ ನೋಡಿದರೆ ಅದೇ ದಿನ ಸಂಜೆ 4.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ! ಎರಡೂವರೆ ಗಂಟೆಯಲ್ಲಿ ಮೆಜೆಸ್ಟಿಕ್‌ನಿಂದ ಮೈಸೂರು ಮುಟ್ಟುವುದೇ ಕಷ್ಟ, ಅಲ್ವಾ? ಈ ಲೆಕ್ಕವನ್ನು ಮನೆಯಲ್ಲೇ ಬಿಡಿಸಬಹುದು. ಗ್ಲೋಬ್, ಎರಡೂವರೆ ಮೊಳ ಹೊಲಿಗೆ ದಾರ, ಒಂದು ಸ್ಕೇಲ್ ಸಾಕು.

ಗೋಡೆಯ ಮ್ಯಾಪ್ ಮಾತ್ರ ಬೇಡ. ಅದರ ಮೇಲೆ ಗೆರೆ ಎಳೆದರೆ ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ಅಂತ ಸುತ್ತಿಕೊಂಡು ಹೋಗುತ್ತದೆ.

ಗ್ಲೋಬಿನಲ್ಲಿ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ, ಇನ್ನೊಂದು ಕಡೆಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ತಂದು ಬಿಗಿಯಾಗಿ ಎಳೆಯಿರಿ. ಕಮಾನು ಅಡ್ಡ ಬಂದರೆ ಅದರ ಅಡಿಯಿಂದ ತೂರಿಸಿ. ದಾರ ತಾನಾಗೇ ಜಾರಿ ಹಿಮಾಲಯ, ಸೈಬೀರಿಯಾ, ಅಲಾಸ್ಕ ದಾರಿ ಹಿಡಿಯುತ್ತದೆ. ಅದೇ ಹತ್ತಿರದ ದಾರಿ. ಪೆನ್ನಿನಲ್ಲಿ ಗುರುತು ಹಾಕಿ ಅಳೆಯಿರಿ. 30 ಸೆಂ.ಮೀ. ಅಗಲದ ಗ್ಲೋಬಾದರೆ ಸುಮಾರು 33 ಸೆಂ.ಮೀ. ಬರುತ್ತದೆ. ಅದೇ ದಾರವನ್ನು ಗ್ಲೋಬಿನ ಹೊಟ್ಟೆಗೆ ಸುತ್ತಿದರೆ 94. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾಗಿ 33ನ್ನು 94ರಿಂದ ಭಾಗಿಸಿ 40,000ದಿಂದ ಗುಣಿಸಿ. 14,000 ಕಿ.ಮೀ. ಚಿಲ್ಲರೆ.

ದೊಡ್ಡ ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತದೆ ಅಂತ ಹಿಡಿದರೆ ಹದಿನೈದೂವರೆ ಗಂಟೆ. ರನ್‌ವೇಗೆ ತೆವಳುವುದು, ಏರುವುದು, ಇಳಿಯುವುದು ಅಂತ ಅರ್ಧ ಗಂಟೆ ಸೇರಿಸಿ, 16 ಆಯಿತು.

ಈಗ ಗಡಿಯಾರ. 2ಕ್ಕೆ 16 ಸೇರಿಸಿದರೆ ನಮ್ಮಲ್ಲಿ ಮರುದಿನ ಬೆಳಿಗ್ಗೆ 6. ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಕಳೆಯಿರಿ, ಸಂಜೆ 4.30. ಮಾರ್ಚ್‌ನಿಂದ ನವೆಂಬರ್‌ವರೆಗೆ ಅವರು ಗಡಿಯಾರ ಮುಂದಿಡುವುದರಿಂದ ಹನ್ನೆರಡೂವರೆ ಕಳೆಯಬೇಕು. ಇದನ್ನು ಮರೆತು ಅಮ್ಮಂದಿರು ಹೊತ್ತಲ್ಲದ ಹೊತ್ತಲ್ಲಿ ಫೋನ್ ಮಾಡುತ್ತಾರೆ.

ಬರುವಾಗ ಲೆಕ್ಕ ಬೇರೆ. ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ, ಹೋಗುವಾಗ ತಳ್ಳಿದ ಗಾಳಿಯೇ ಬರುವಾಗ ಅಡ್ಡಿ. ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಉತ್ತರ ಧ್ರುವದ ಮೇಲಿಂದ ಬಂದರೂ ದಾರದ ದೂರಕ್ಕಿಂತ ಸುಮಾರು 350 ಕಿ.ಮೀ. ಅಷ್ಟೇ ಹೆಚ್ಚು, ಅದಕ್ಕೇ ಪೈಲಟ್‌ಗಳು ಗಾಳಿ ನೋಡಿ ದಾರಿ ಆರಿಸುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ನಡೆಸಿದ ಮೊದಲ ನೇರ ವಿಮಾನ ಧ್ರುವದ ಮೇಲೇ ಹಾದು ಬಂತು. ಅಲ್ಲಿ ಶನಿವಾರ ರಾತ್ರಿ ಹೊರಟದ್ದು ಇಲ್ಲಿ ಇಳಿದದ್ದು ಸೋಮವಾರ ನಸುಕಿನಲ್ಲಿ.

ಆ ಸೋಮವಾರವನ್ನು ಭಾನುವಾರ ಅಂದುಕೊಂಡವರು ಇದ್ದಾರೆ. ನಾನೇ ಒಮ್ಮೆ ತಂಗಿಯನ್ನು ಕರೆತರಲು ಒಂದು ದಿನ ಮೊದಲೇ ಹೋಗಿ, ನಸುಕಿನ ಮೂರಕ್ಕೆ ಕಾಫಿ ಕುಡಿಯುತ್ತಾ ನಿಂತಿದ್ದೆ.