ಉಬುಂಟು ಗಣಕಕ್ಕೆ ಎನ್‌ವಿಡಿಯಾ ಡ್ರೈವರ್ ಅಳವಡಿಸುವ ಕ್ರಮ

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಗ್ರಾಫಿಕ್ಸ್ ಕಾರ್ಡ್ ತಂದು ಉಬುಂಟು (ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆ) ಇರುವ ಗಣಕದಲ್ಲಿ ಕೂರಿಸಿದವರು ಮೊದಲು ಅದರ ತಯಾರಕರು ಯಾರೆಂದು ನೋಡಿಕೊಳ್ಳಬೇಕು. ಎಎಂಡಿ ಅಥವಾ ಇಂಟೆಲ್ ಕಾರ್ಡ್ ಆಗಿದ್ದರೆ, ಬೇಕಾದ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್‌ನಲ್ಲೂ ಗ್ರಾಫಿಕ್ಸ್‌ಗೆ ನೆರವಾಗುವ ಮೆಸಾ ತಂತ್ರಾಂಶದಲ್ಲೂ ಆಗಲೇ ಇರುವುದರಿಂದ, ಸಾಮಾನ್ಯವಾಗಿ ಅಪ್‌ಡೇಟ್ ಮಾಡಿಕೊಂಡರೆ ಸಾಕು. ಮುಂದಿನ ವಿವರಗಳು ಎನ್‌ವಿಡಿಯಾ ಕಾರ್ಡ್ ಉಳ್ಳವರಿಗೆ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಆಗಿದ್ದಲ್ಲಿ ಡಬ್ಬದ ಮೇಲಿನ ಹೆಸರನ್ನು ನಂಬದೆ, ಆದೇಶ ಟೈಪಿಸುವ ಟರ್ಮಿನಲ್ ಕಿಟಕಿಯಲ್ಲಿ ಎಲ್‌ಎಸ್‌ಪಿಸಿಐ ಎಂಬ ಆದೇಶವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಕೊಟ್ಟು ಮಾದರಿಯನ್ನು ಖಚಿತಪಡಿಸಿಕೊಳ್ಳಿ. ಜಿಟಿಎಕ್ಸ್ 780ರಂಥ ಕೆಪ್ಲರ್ ತಲೆಮಾರಿನ ಕಾರ್ಡುಗಳಿಗೆ 470ನೇ ಸರಣಿಯ ಡ್ರೈವರೇ ಕೊನೆಯದು. ಆರ್‌ಟಿಎಕ್ಸ್ 50 ಸರಣಿಯವಕ್ಕಾದರೋ ‘ಓಪನ್’ ಎಂದು ನಮೂದಾಗಿರುವ ಡ್ರೈವರೇ ಆಗಬೇಕು.

ತಯಾರಕರ ಜಾಲತಾಣದಿಂದ ಕಡತ ಇಳಿಸಿಕೊಂಡು ಅಳವಡಿಸುವುದು ವಿಂಡೋಸ್‌ನಿಂದ ಬಂದ ಅಭ್ಯಾಸ. ಇಲ್ಲಿ ಅದು ಬೇಡ. ಹಾಗೆ ಹಾಕಿದ್ದು ಉಬುಂಟುವಿನ ಪ್ಯಾಕೇಜ್ ವ್ಯವಸ್ಥೆಯ ಲೆಕ್ಕಕ್ಕೆ ಸಿಗದೆ, ಮುಂದೆ ಕರ್ನಲ್ ಬದಲಾದಾಗ ಕೈಕೊಡಬಹುದು. ‘ಅಡಿಷನಲ್ ಡ್ರೈವರ್ಸ್’ ಕಿಟಕಿಯನ್ನು ತೆರೆದು, ‘ಟೆಸ್ಟೆಡ್’ ಎಂದಿರುವುದನ್ನು ಆರಿಸಿ, ‘ಅಪ್ಲೈ ಚೇಂಜಸ್’ ಒತ್ತಿ. ಹೆಸರಿನಲ್ಲಿ ‘ಸರ್ವರ್’ ಎಂದಿರುವವು ಮನೆಯ ಗಣಕಕ್ಕೆ ಬೇಡ. ಮಳೆಗಾಲದ ಸಂಜೆಯಾಗಿದ್ದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ; ನಡುವೆ ಕರೆಂಟ್ ಹೋದರೆ ಅರೆಬರೆಯಾದ ಪ್ಯಾಕೇಜುಗಳನ್ನು ಸರಿಪಡಿಸುವುದೇ ದೊಡ್ಡ ಕೆಲಸವಾಗುತ್ತದೆ.

ಹೆಚ್ಚಿನವರು ಎಡವುವುದು ಇದರ ನಂತರ. ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶವನ್ನಷ್ಟೇ ಶುರುವಾಗಲು ಬಿಡುವ ರಕ್ಷಣೆ) ಚಾಲೂ ಇರುವ ಗಣಕದಲ್ಲಿ, ಡಿಜಿಟಲ್ ಸಹಿಯಿಲ್ಲದ ಡ್ರೈವರ್ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳದ ಕಾರಣ, ಅಳವಡಿಕೆಯ ವೇಳೆ ಒಂದು ಪಾಸ್‌ವರ್ಡ್ ಹೊಂದಿಸುವಂತೆ ಕೇಳಬಹುದು. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆಗುವಾಗ ನೀಲಿ ಪರದೆಯೊಂದು ಕಾಣಿಸಿಕೊಂಡು, ಕೀಲಿ ಒತ್ತಲು ಕೇವಲ 10 ಸೆಕೆಂಡು ಕಾಯುತ್ತದೆ. ಕಾಫಿಗೆಂದು ಎದ್ದು ಹೋದಿರೋ, ಗಣಕ ಎಂದಿನಂತೆ ತೆರೆದುಕೊಂಡರೂ ಡ್ರೈವರ್ ಮಾತ್ರ ನಿಷ್ಕ್ರಿಯವಾಗಿರುತ್ತದೆ. ಆದ್ದರಿಂದ ಯಾವುದಾದರೂ ಕೀಲಿಯನ್ನು ಒತ್ತಿ, ‘ಎನ್‌ರೋಲ್ ಎಂಒಕೆ’ (ಸಹಿಯ ಕೀಲಿಯನ್ನು ನೋಂದಾಯಿಸುವ ಆಯ್ಕೆ) ಆರಿಸಿ, ‘ಕಂಟಿನ್ಯೂ’ ಮತ್ತು ‘ಯೆಸ್’ ಕೊಟ್ಟು, ಬರೆದಿಟ್ಟ ಪಾಸ್‌ವರ್ಡನ್ನು ಟೈಪಿಸಿ.

ಗಣಕ ಮತ್ತೆ ತೆರೆದುಕೊಂಡ ಮೇಲೆ ಟರ್ಮಿನಲ್‌ನಲ್ಲಿ ಎನ್‌ವಿಡಿಯಾ-ಎಸ್‌ಎಂಐ ಆದೇಶ ಕೊಟ್ಟಾಗ ಕಾರ್ಡಿನ ಹೆಸರು, ಡ್ರೈವರ್ ಆವೃತ್ತಿ, ಉಷ್ಣಾಂಶಗಳು ಕಂಡರೆ ಕೆಲಸ ಮುಗಿಯಿತು. ಬರೀ ಕಪ್ಪು ಪರದೆ ಎದುರಾದಲ್ಲಿ, ಗಣಕ ಶುರುವಾಗುವ ಹಂತದ ಗ್ರಬ್ ಪಟ್ಟಿಯಿಂದ, ದುರಸ್ತಿಗೆಂದಿರುವ ರಿಕವರಿ ಮೋಡ್‌ಗೆ ಹೋಗಿ ಎನ್‌ವಿಡಿಯಾ ಪ್ಯಾಕೇಜುಗಳನ್ನು ತೆಗೆದುಹಾಕಿ. ನೂವೋ ಎಂಬ ಮುಕ್ತ ಡ್ರೈವರ್ ಪರದೆಯನ್ನು ಮರಳಿ ತರುತ್ತದೆ, ಬಳಿಕ ಪಟ್ಟಿಯಲ್ಲಿನ ಮತ್ತೊಂದು ಆವೃತ್ತಿಯನ್ನು ಪ್ರಯತ್ನಿಸಬಹುದು.